ಅಪ್‌ಡೇಟ್: ಇಳಕಲ್ ಸೆರಗಿನ ಕೆಂಪು ಫೋಟೋದಲ್ಲೂ ಕೆಂಪಾಯಿತು

ನಾನು ಕೇಳಿದ್ದು ಇಷ್ಟು: ಇಳಕಲ್‌ನ ನಮ್ಮ ಅಂಗಡಿಯಲ್ಲಿ ಫೋಟೋ ತೆಗೆದರೆ ಒಂದೇ ಸೀರೆಯ ದಾಳಿಂಬೆ ಕೆಂಪು ಸೆರಗು ಬಾಗಿಲ ಬಳಿ ಒಂದು ಬಣ್ಣ, ಒಳಗೆ ಇನ್ನೊಂದು ಬಣ್ಣ ಕಾಣುತ್ತದೆ, ಏನು ಮಾಡಲಿ? ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೊಸ ಕ್ಯಾಮೆರಾ ಕೊಳ್ಳಿ ಎಂದವರ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು. ತೊಂದರೆ ಇದ್ದದ್ದು ಬೆಳಕಿನ ಬೆರಕೆಯಲ್ಲಿ. ಬಾಗಿಲಿನಿಂದ ಬರುವ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ), ತಲೆಯ ಮೇಲಿನ ಹಳದಿ ಬಲ್ಬು 2700. ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಬಣ್ಣದ ಹೊಂದಾಣಿಕೆ) ಎರಡನ್ನೂ ಸರಿಪಡಿಸಲಾರದು. ಈಗ ಬಲ್ಬು ಆರಿಸಿ, ಬಾಗಿಲು ಮುಚ್ಚಿ, ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರ ಲೆಕ್ಕದ ಅಂಕ) 95 ದಾಟಿದ ಒಂದೇ ಬಗೆಯ ಎರಡು ಎಲ್‌ಇಡಿ ದೀಪಗಳನ್ನು ಹಚ್ಚುತ್ತೇನೆ.

ಆಟೋ ವೈಟ್ ಬ್ಯಾಲೆನ್ಸ್ ಅನ್ನು ಪೂರ್ತಿ ಬಿಟ್ಟಿದ್ದೇನೆ. ಸೆರಗು ಚೌಕಟ್ಟನ್ನು ತುಂಬಿದರೆ, ಬೆಳಕೇ ಕೆಂಪೆಂದು ಎಣಿಸಿ ಅದು ಬಣ್ಣವನ್ನು ನೀಲಿಯ ಕಡೆಗೆ ಎಳೆದುಬಿಡುತ್ತದೆ. ಮೊದಲ ಚಿತ್ರದಲ್ಲಿ ಸೆರಗಿನ ಮಡಿಕೆಯ ಮೇಲೆ ಬೇರೆ ಬಣ್ಣದ ಛಾಯೆಯಿಲ್ಲದ ಬೂದು ಕಾರ್ಡ್ ಇಟ್ಟು, ಅದರ ಅಳತೆಯನ್ನೇ ಉಳಿದ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ಗಳಿಗೆಲ್ಲ ಹಾಕುತ್ತೇನೆ.

ಯಾರೂ ಹೇಳದ ಒಂದು ಸಂಗತಿ: ರೇಷ್ಮೆ ಮಿನುಗುವ ಕಡೆ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ಮಾತ್ರ ತುಂಬಿಹೋಗಿ ನೇಯ್ಗೆ ಮಾಯವಾಗುತ್ತಿತ್ತು. ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ತುಸು ಇಳಿಸಿದ ಮೇಲೆ ಎಳೆ ಎಳೆಯೂ ಕಾಣುತ್ತಿದೆ.

ನವಿಲುಬಣ್ಣದ ಸೀರೆಯದು ಬೇರೆಯೇ ಕಥೆ. ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನದು ಇನ್ನೊಂದು. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಅಂಥ ಸೀರೆಗೆ ಚಿಕ್ಕ ವಿಡಿಯೊ ಹಾಕುತ್ತಿದ್ದೇನೆ. ಗಿರಾಕಿಗಳ ಮೊಬೈಲ್ ಪರದೆ ಬಣ್ಣಕ್ಕೆ ಹಚ್ಚುವ ಮೆರುಗಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ. ಮುಂದಿನ ಸರದಿ ಗುಳೇದಗುಡ್ಡದ ರವಿಕೆ ಬಟ್ಟೆ ಖಣದ್ದು.