ಗಣೇಶೋತ್ಸವದ ಚಂದಾ: ಫಲಕವೋ, ಹುಂಡಿಯೋ?

ಪ್ರಶ್ನೆ (ಮಂಡ್ಯ): ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಈ ವರ್ಷ ಮೊತ್ತ ನಿಗದಿಪಡಿಸದೆ, ಅವರವರು ಇಷ್ಟಪಟ್ಟಷ್ಟು ಪಡೆಯಬೇಕೆಂದಿದ್ದೇವೆ. ಕೊಟ್ಟವರ ಹೆಸರನ್ನು ಫಲಕದಲ್ಲಿ ಬರೆಯಬೇಕೋ, ಹುಂಡಿ ಇಡಬೇಕೋ? ಅನುಭವಸ್ಥರು ತಿಳಿಸಿ.

ಮದ್ದೂರಿನವರು: ಎರಡೂ ಬೇಡ, ರಸೀದಿ ಪುಸ್ತಕ ಹಿಡಿಯಿರಿ. ಮೊತ್ತ ಹೇಳುವ ಮೊದಲು ಹಿಂದಿನ ಹಾಳೆಗಳ ಕಾರ್ಬನ್ ಪ್ರತಿಯನ್ನು ಮಗುಚಿ ನೋಡದವರೇ ಇಲ್ಲ. ನಮ್ಮಲ್ಲಿ ಅಕ್ಕಿ ಗಿರಣಿಯವರು 5,001 ರೂಪಾಯಿಯ ಬೋಣಿ ಮಾಡಿದ್ದರಿಂದ ಆ ಬೀದಿಯಲ್ಲಿ 501ಕ್ಕಿಂತ ಕಡಿಮೆ ಯಾರೂ ಬರೆಸಲಿಲ್ಲ. ಹಿಂದಿನ ಬೀದಿಗೆ ಹೊಸ ಪುಸ್ತಕ ಒಯ್ದಾಗ ಮೊದಲ ಮನೆಯವರೇ 51 ಎಂದುಬಿಟ್ಟರು. ಬೀದಿಯುದ್ದಕ್ಕೂ 51, 101ರಲ್ಲೇ ನಿಂತಿತು. ಶಾಮಿಯಾನ, ಧ್ವನಿವರ್ಧಕ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಸೇರಿ 18,400 ರೂಪಾಯಿ ನಮ್ಮ ಕೈಯಿಂದ ಹೋಯಿತು. ಪೂಜಾ ಕುಣಿತದವರ ಬಾಕಿ ತೀರಿದ್ದು ದೀಪಾವಳಿ ಕಳೆದ ಮೇಲೆ.

ಕುವೆಂಪುನಗರದವರು: ಇದಕ್ಕೆ ವಸೂಲಿ ಎನ್ನುತ್ತಾರೆ. ಪಿಂಚಣಿಯಲ್ಲಿ ಬದುಕುವ ನಮ್ಮ ತಂದೆಯವರು ಪಕ್ಕದ ಮನೆಯ ಮೊತ್ತ ಕಂಡು 1,001 ಬರೆಸಿ, ಆ ತಿಂಗಳು ಮಾತ್ರೆಗಳನ್ನು ಸಾಲ ಹೇಳಿ ತಂದರು. ನಮ್ಮ ಬೀದಿಯಲ್ಲಿ ಈಗ ಹುಂಡಿಯೇ ಇದೆ. ಹಣ ಕಡಿಮೆಯಾದ ವರ್ಷ ಮೂರ್ತಿಯ ಎತ್ತರ ಕಡಿಮೆಯಾಗುತ್ತದೆ, ಅಷ್ಟೆ. ವಿಯೆನ್ನಾದ ಹೋಟೆಲೊಂದರಲ್ಲಿ ಊಟಕ್ಕೆ ಇಷ್ಟವಿದ್ದಷ್ಟು ಕೊಡುವ ಪದ್ಧತಿಯ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾರಿಗೂ ಕಾಣದಂತೆ ಕೊಟ್ಟವರೇ ಸರಾಸರಿಯಲ್ಲಿ ಹೆಚ್ಚು ಕೊಟ್ಟಿದ್ದರು.

ಮದ್ದೂರಿನವರು: ವಿಯೆನ್ನಾದವರು ಬಂದು ಶಾಮಿಯಾನದ ಬಾಡಿಗೆ ಕಟ್ಟುತ್ತಾರೆಯೇ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಚಹಾದ ಹಣ ಹಾಕುವ ಡಬ್ಬಿಯ ಬಳಿ ಬರೀ ಕಣ್ಣಿನ ಚಿತ್ರ ಅಂಟಿಸಿದ ವಾರಗಳಲ್ಲಿ, ಹೂವಿನ ಚಿತ್ರವಿದ್ದ ವಾರಗಳಿಗಿಂತ ಸುಮಾರು ಮೂರು ಪಟ್ಟು ಹಣ ಬಿದ್ದಿತೆಂದು 2006ರಲ್ಲೇ ಪ್ರಕಟವಾಗಿದೆ.

ಕುವೆಂಪುನಗರದವರು: ಆಮೇಲೆ ನಡೆದ ಅಂಥ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲವೆಂಬುದನ್ನೂ ಬರೆಯಬೇಕಿತ್ತು.

ಪಾಂಡವಪುರದವರು: ಕಣ್ಣಿನ ಚಿತ್ರವೇಕೆ, ಬೀಗರೂಟದ ಮುಯ್ಯಿ ಮೇಜನ್ನು ನೋಡಿ. ಹೆಸರು, ಊರು, ಮೊತ್ತ ಬರೆಯುವವರ ಹಿಂದೆ ಸಾಲು ನಿಂತಿರುವಾಗ 200ರ ನೋಟು ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ನಾನು ಮಗಳ ಮದುವೆಯಲ್ಲಿ ಮುಯ್ಯಿಯನ್ನೇ ಬೇಡವೆಂದೆ. ಬಂಧುಗಳು ಇಂದಿಗೂ ಅದನ್ನು ಅಹಂಕಾರ ಎನ್ನುತ್ತಾರೆ.

ಮದ್ದೂರಿನವರು: ಸ್ವಾಮಿ, ಮುಯ್ಯಿ ಹಿಂದಿರುಗಿಸಬೇಕಾದ ಲೆಕ್ಕ, ಚಂದಾ ಹಾಗಲ್ಲ. ನೀವು ಬೇಡವೆಂದರೆ, ನಿಮ್ಮಿಂದ ಹಿಂದೆ ಪಡೆದವರು ಅದನ್ನು ತೀರಿಸುವುದೆಲ್ಲಿ? ಬಂಧುಗಳು ಅಂದದ್ದರಲ್ಲಿ ತಪ್ಪೇನಿದೆ?

ಪಾಂಡವಪುರದವರು: ಪೂಜಾ ಕುಣಿತದವರನ್ನು ದೀಪಾವಳಿಯವರೆಗೆ ಕಾಯಿಸಿದವರಿಂದ ನಾನು ಲೆಕ್ಕ ಕಲಿಯಬೇಕಿಲ್ಲ.