ಕಥೆ ಬರೆಯುವವರ ಬಳಗ ಕಟ್ಟುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ಸಣ್ಣ ಕಥೆ ಬರೆಯುತ್ತೇನೆ. ಒಂದು ಬ್ಲಾಗ್ ಕೂಡ ಇದೆ. ಕಥೆ ಹಾಕಿದಾಗ ನಾಲ್ಕು ಜನ ‘ಸೂಪರ್’ ಅಂತಾರೆ, ಅಲ್ಲಿಗೆ ಮುಗೀತು. ನನ್ನ ಹಾಗೇ ಬರೆಯುವವರ ಜೊತೆ ಕೂತು ಕಥೆ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುವಂಥ ಬಳಗ ಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲ ಉತ್ತರ

ಬೇರೆಯವರ ಕಥೆಗಳಿಂದ ಶುರು ಮಾಡಿ. ನಿಮ್ಮ ಕಥೆಯ ಲಿಂಕನ್ನು ಹತ್ತು ಕಡೆ ಹಂಚಿದರೆ ಓದುಗರು ಸಿಕ್ಕಾರು, ಬಳಗ ಸಿಗುವುದು ಕಷ್ಟ. ಬರೆಯುವವರೆಲ್ಲರ ಆಸೆ ಒಂದೇ: ನಾನು ಬರೆದದ್ದನ್ನು ಯಾರಾದರೂ ಗಮನ ಕೊಟ್ಟು ಓದಬೇಕು. ಆ ಓದನ್ನು ನೀವು ಮೊದಲು ಕೊಡಿ. ನಿಮಗೆ ಹೊಂದುವ ಬರಹ ಇರುವ ಮೂರ್ನಾಲ್ಕು ಜನರನ್ನು ಹುಡುಕಿ, ಅವರ ಹಳೆಯ ಕಥೆಗಳನ್ನೂ ಓದಿ, ಆಮೇಲೆ ಅವರಿಗೆ ನಿಮ್ಮ ಅಭಿಪ್ರಾಯ ಬರೆಯಿರಿ.

ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ. ಅಣ್ಣ ತಮ್ಮ ಮನೆ ಪಾಲು ಮಾಡಿಕೊಳ್ಳಲು ಕೂತ ಕಥೆಯೊಂದಕ್ಕೆ ನಾನು ಹೀಗೆ ಬರೆದಿದ್ದೆ: “ತಮ್ಮ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಅವನು ಸೋತ ಅಂತ ನನಗೆ ಗೊತ್ತಾಯಿತು. ಅದಾದ ಮೇಲೆ ‘ಅವನಿಗೆ ತುಂಬ ಬೇಸರವಾಯಿತು’ ಅನ್ನುವ ಸಾಲು ಬೇಕಾ? ಇನ್ನೊಂದು, ಅಕ್ಕ ಶುರುವಿನಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಆಮೇಲೆ ಎಲ್ಲಿ ಹೋದಳು?” ಇಷ್ಟೇ. ಬರೆದವರು ಆ ಸಾಲು ತೆಗೆದರು. ಅಕ್ಕ ಕಥೆಯ ಕೊನೆಯಲ್ಲಿ ಒಂದೇ ಒಂದು ಮಾತು ಆಡುವ ಹಾಗೆ ಮಾಡಿದರು. ಕಥೆಯ ತೂಕವೇ ಬದಲಾಯಿತು. ಈಗ ಅವರು ನಮ್ಮ ಬಳಗದಲ್ಲಿದ್ದಾರೆ, ನನ್ನ ಕಥೆಗಳನ್ನು ಅಷ್ಟೇ ಕಟ್ಟುನಿಟ್ಟಾಗಿ ಓದುತ್ತಾರೆ.

ಬಳಗ ಚಿಕ್ಕದಿರಲಿ. ನಾಲ್ಕರಿಂದ ಆರು ಜನ ಸಾಕು. ಹತ್ತು ಹದಿನೈದು ಜನ ಆದರೆ ‘ಬೇರೆ ಯಾರಾದರೂ ಓದಿರ್ತಾರೆ ಬಿಡು’ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ನಿಮ್ಮ ಸರದಿ ಬರುವ ಹೊತ್ತಿಗೆ ಉತ್ಸಾಹ ಆರಿರುತ್ತದೆ. ದಿನ ಒಂದು ಗೊತ್ತು ಮಾಡಿ, ಹದಿನೈದು ದಿನಕ್ಕೊಮ್ಮೆ ಆದರೂ ಸರಿ. ಯಾರೂ ಕಥೆ ಕೊಡದಿದ್ದರೂ ಆ ದಿನ ತಪ್ಪಿಸಬೇಡಿ, ಯಾವುದಾದರೂ ಹಳೆಯ ಕಥೆ ಓದಿ ಮಾತಾಡಿ. ಕಥೆ ಮೂರು ಸಾವಿರ ಪದ ದಾಟಬಾರದು, ಕೂಡುವ ದಿನಕ್ಕೆ ಕನಿಷ್ಠ ನಾಲ್ಕು ದಿನ ಮೊದಲೇ ಎಲ್ಲರ ಕೈಗೆ ಸಿಗಬೇಕು ಅಂತ ನಿಯಮ ಇಟ್ಟುಕೊಂಡರೆ ಒಳ್ಳೆಯದು.

ಮಾತಾಡುವ ಕ್ರಮಕ್ಕೆ ಒಂದು ಹಳೆಯ ದಾರಿ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಮಿಲ್ಫರ್ಡ್‌ನಲ್ಲಿ 1956ರಲ್ಲಿ ವೈಜ್ಞಾನಿಕ ಕಥೆ ಬರೆಯುವವರು ಸೇರಿ ಒಬ್ಬರ ಕಥೆ ಒಬ್ಬರು ಓದುವ ಕೂಟ ಶುರು ಮಾಡಿದರು. ಎಲ್ಲರೂ ಸುತ್ತ ಕೂರಬೇಕು, ಒಬ್ಬೊಬ್ಬರಾಗಿ ಮಾತಾಡಬೇಕು, ಎಲ್ಲರದ್ದೂ ಮುಗಿಯುವ ತನಕ ಕಥೆ ಬರೆದವರು ಬಾಯಿ ಬಿಡಬಾರದು. ಅಂಥ ಕಥೆ ಬರೆಯುವುದನ್ನು ಕಲಿಸಲು 1968ರಲ್ಲಿ ಅಮೆರಿಕದಲ್ಲೇ ಶುರುವಾದ ಕ್ಲೇರಿಯನ್ ಶಿಬಿರವೂ ಇದೇ ಕ್ರಮ ಹಿಡಿಯಿತು. ಈ ಮೌನ ಕಷ್ಟ ನಿಜ, ಆದರೆ ತುಂಬ ಕೆಲಸ ಮಾಡುತ್ತದೆ. ಓದುಗರ ಪಕ್ಕದಲ್ಲಿ ಕೂತು ‘ನಾನು ಹೇಳಿದ್ದು ಹಾಗಲ್ಲ’ ಅನ್ನಲು ನಾವು ಇರುವುದಿಲ್ಲ, ಅಲ್ವಾ? ನಾವು ಮಾಡಿಕೊಂಡ ಬದಲಾವಣೆ ಒಂದೇ: ಬರೆದವರು ಮೊದಲೇ ಎರಡು ಪ್ರಶ್ನೆ ಕೊಡಬಹುದು. ‘ಕೊನೆ ಅವಸರವಾಯಿತಾ?’ ‘ಅಮ್ಮನ ಸಿಟ್ಟು ನಂಬುವ ಹಾಗಿದೆಯಾ?’ ಹೀಗೆ. ಹೊಸಬರಿಗೆ ಇದರಿಂದ ಧೈರ್ಯ ಬರುತ್ತದೆ.

ಬಂದ ಸಲಹೆಗಳನ್ನೆಲ್ಲ ಒಪ್ಪಬೇಕಿಲ್ಲ. ಮೂರು ಜನ ಒಂದೇ ಜಾಗದಲ್ಲಿ ಎಡವಿದ್ದಾರೆ ಅಂದರೆ ಅಲ್ಲಿ ಏನೋ ಕೆಡುಕಿದೆ, ನೋಡಲೇಬೇಕು. ಅದನ್ನು ಹೇಗೆ ಸರಿ ಮಾಡಬೇಕು ಅನ್ನುವುದಕ್ಕೆ ಮೂರೂ ಜನ ಮೂರು ದಾರಿ ಹೇಳುತ್ತಾರೆ. ದಾರಿ ಮಾತ್ರ ನೀವೇ ಹುಡುಕಿಕೊಳ್ಳಿ.

ಎರಡನೇ ಉತ್ತರ

ಮೇಲಿನವರು ಹೇಳದ ಒಂದು ವಿಷಯ. ತುಂಬ ಪತ್ರಿಕೆಗಳು, ಸ್ಪರ್ಧೆಗಳು ಬ್ಲಾಗಿನಲ್ಲಿ ಬಂದ ಕಥೆಯನ್ನು ‘ಈಗಾಗಲೇ ಪ್ರಕಟವಾದದ್ದು’ ಅಂತಲೇ ಲೆಕ್ಕ ಹಾಕುತ್ತವೆ. ಎಲ್ಲಿಗಾದರೂ ಕಳಿಸುವ ಯೋಚನೆ ಇರುವ ಕಥೆಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಡಿ. ಬಳಗದವರಿಗೆ ಮಾತ್ರ ಇಮೇಲ್‌ನಲ್ಲಿ ಕಳಿಸಿ. ಕಳಿಸುವ ಮೊದಲು ಆಯಾ ಪತ್ರಿಕೆಯ ನಿಯಮ ಓದಿ.

ಹಾಗಾದರೆ ಬ್ಲಾಗಿನಲ್ಲಿ ಏನು ಬರೆಯುವುದು? ಓದಿದ್ದನ್ನು ಬರೆಯಿರಿ. ಯಾವ ಕಥೆ ಇಷ್ಟವಾಯಿತು, ಅದರಲ್ಲಿ ಮಾತುಕತೆ ಹೇಗೆ ಬಂದಿದೆ, ನೀವು ತಿದ್ದಿ ತೆಗೆದ ಪ್ಯಾರಾ ಯಾವುದು, ಯಾಕೆ ತೆಗೆದಿರಿ. ನಾನು ಇಂಥ ಬರಹ ಹಾಕಲು ಶುರು ಮಾಡಿದ ಮೇಲೆ ಬರೆಯುವವರು ಜಾಸ್ತಿ ಬಂದರು. ಪೂರ್ತಿ ಕಥೆ ಹಾಕಿದಾಗ ಹಾಗೆ ಬಂದಿರಲಿಲ್ಲ.

ಮೂರನೇ ಉತ್ತರ

ನಮ್ಮ ಬಳಗ ಮುರಿಯುವ ಹಂತಕ್ಕೆ ಬಂದದ್ದು ಒಂದೇ ಕಾರಣಕ್ಕೆ. ಒಬ್ಬರು ಕಥೆ ಕೊಡುತ್ತಿದ್ದರು, ಬೇರೆಯವರದ್ದು ಓದುತ್ತಿರಲಿಲ್ಲ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಒಳಗೊಳಗೇ ಕುದಿ ಇತ್ತು. ಆಮೇಲೆ ‘ಎರಡು ಕಥೆ ಓದಿ ಅಭಿಪ್ರಾಯ ಬರೆದವರಿಗೆ ಮಾತ್ರ ತಮ್ಮ ಒಂದು ಕಥೆ ಕೊಡುವ ಹಕ್ಕು’ ಅಂತ ಮಾಡಿದೆವು. ಅವರು ತಾವಾಗಿಯೇ ಹೊರಟರು. ಜಗಳ ಆಗಲಿಲ್ಲ. ನೀವು ಮೊದಲ ದಿನವೇ ಇದನ್ನು ಹೇಳಿಬಿಡಿ.

ನಾಲ್ಕನೇ ಉತ್ತರ

ಸದಸ್ಯರ ಹೆಸರು, ಇಮೇಲ್ ನಿಮ್ಮ ಹತ್ತಿರವೂ ಬರೆದಿಟ್ಟುಕೊಳ್ಳಿ. ಅಂತರ್ಜಾಲದ ತಾಣಗಳನ್ನು ನಂಬಿ ಕೂರಬೇಡಿ. ಇಮೇಲ್ ಮೂಲಕ ಗುಂಪಾಗಿ ಮಾತಾಡಲು ಇದ್ದ ಯಾಹೂ ಗ್ರೂಪ್ಸ್ ತಾಣ 2020ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು. ನವೆಂಬರ್ ತಿಂಗಳಲ್ಲಿ ಐವತ್ತು ಸಾವಿರ ಪದದ ಕಾದಂಬರಿ ಬರೆಯುವ ‘ನ್ಯಾನೋರೈಮೋ’ ಅನ್ನುವ ಸವಾಲು 1999ರಲ್ಲಿ ಒಂದು ಚಿಕ್ಕ ಗುಂಪಿನಿಂದ ಶುರುವಾಗಿ ಲೋಕವೆಲ್ಲ ಹಬ್ಬಿತ್ತು. ಅದನ್ನು ನಡೆಸುತ್ತಿದ್ದ ಸಂಸ್ಥೆಯೂ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಒಬ್ಬರ ವಿಳಾಸ ಒಬ್ಬರ ಹತ್ತಿರ ಇದ್ದರೆ ಮುಂದಿನ ವಾರವೇ ಬೇರೆ ಕಡೆ ಸೇರಬಹುದು. ಕಥೆಗಳ ಪ್ರತಿ, ಅವಕ್ಕೆ ಬಂದ ಅಭಿಪ್ರಾಯ ಎರಡನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಅಭಿಪ್ರಾಯಗಳನ್ನು ಮಾತ್ರ ಮರೆಯಬೇಡಿ, ಕಥೆಯ ಮುಂದಿನ ಕರಡು ಬರೆಯುವಾಗ ಬೇಕಾಗುವುದು ಅವೇ.