ಅಮ್ಮನಿಗೆ ಯೂರೋಡೈನಾಮಿಕ್ ಪರೀಕ್ಷೆ ಬೇಕೇ? ದಯವಿಟ್ಟು ತಿಳಿಸಿ

ಅಮ್ಮನಿಗೆ 58 ವರ್ಷ. ಕೆಮ್ಮಿದರೂ ಸೀನಿದರೂ ಮೂತ್ರ ಸೋರುತ್ತದೆ. ಕೆಲವೊಮ್ಮೆ ಅವಸರವಾಗಿ ಎದ್ದು ಬಚ್ಚಲಿನ ಚಿಲಕ ತೆಗೆಯುವಷ್ಟರಲ್ಲೇ ಬಟ್ಟೆ ಒದ್ದೆ. ನಾಚಿಕೆಯಿಂದ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ, ಅದೇ ನನಗೆ ಸಂಕಟ.

ಮೂತ್ರ ಪರೀಕ್ಷೆ, ಕಲ್ಚರ್ ಎರಡರಲ್ಲೂ ಸೋಂಕಿಲ್ಲ. ಮೂತ್ರ ಮಾಡಿದ ಮೇಲೆ ಸ್ಕ್ಯಾನ್ ಮಾಡಿದಾಗ ಉಳಿದದ್ದು 30 ಮಿಲಿಲೀಟರ್ ಅಷ್ಟೇ. ಮೂರು ದಿನ ಕುಡಿದದ್ದು, ಹೋದದ್ದು ಅಳೆದು ಬರೆದೆವು. ಮೂರು ತಿಂಗಳು ಕೆಗೆಲ್ ವ್ಯಾಯಾಮವೂ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಆಯಿತು, ಹೆಚ್ಚು ವ್ಯತ್ಯಾಸವಿಲ್ಲ.

ಈಗ ಒಬ್ಬ ವೈದ್ಯರು, ಮೂತ್ರಕೋಶಕ್ಕೆ ಸಣ್ಣ ನಳಿಕೆ ಹಾಕಿ ನೀರು ತುಂಬಿಸಿ ಒತ್ತಡ ಅಳೆಯುವ ಯೂರೋಡೈನಾಮಿಕ್ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಮೊದಲು ಮಾತ್ರೆ ಸಾಕು ಎನ್ನುತ್ತಾರೆ. ಅಮ್ಮ ನಳಿಕೆಯ ಮಾತಿಗೇ ಹೆದರಿದ್ದಾರೆ.

ಹೀಗೆ ಕೆಮ್ಮಿದಾಗ, ಅವಸರವಾದಾಗ ಎರಡೂ ಬಗೆಯ ಸೋರಿಕೆ ಇದ್ದು ಈ ಪರೀಕ್ಷೆ ಮಾಡಿಸಿಕೊಂಡವರು ಇದ್ದೀರಾ? ಅದರ ಫಲಿತಾಂಶದಿಂದ ನಿಮ್ಮ ಚಿಕಿತ್ಸೆ ಬದಲಾಯಿತೇ?